ಕುರಿ ಮೇಯ್ದ ಪುಣ್ಯ

ಚನ್ನಪಟ್ಟಣದಲ್ಲಿ ಕ್ರಿಸ್‌ಮಸ್ ಶುರುವಾಗುವುದು ಚರ್ಚಿನಲ್ಲಲ್ಲ, ನನ್ನ ಅಂಗಡಿಯಲ್ಲಿ ಎಂದು ನಾನು ಬಹಳ ವರ್ಷ ಜಂಬ ಕೊಚ್ಚಿಕೊಂಡು ತಿರುಗಿದವನು. ಹಳೆಯ ಮೈಸೂರು ರಸ್ತೆಯಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ. ಗಣೇಶನ ಹಬ್ಬಕ್ಕೆ ಮಾರಿ ಉಳಿದ ಸೀರಿಯಲ್ ಸೆಟ್ಟುಗಳನ್ನು ದೀಪಾವಳಿಗೆ ಮಾರುತ್ತೇನೆ, ದೀಪಾವಳಿಗೆ ಉಳಿದದ್ದನ್ನು ಕ್ರಿಸ್‌ಮಸ್‌ಗೆ. ದೇವರು ಬದಲಾದರೂ ಕರೆಂಟು ಅದೇ. ಡಿಸೆಂಬರ್ ಬಂತೆಂದರೆ ಬಾಗಿಲ ತುಂಬ ಕಾಗದದ ನಕ್ಷತ್ರ, ಕೆಂಪು ಟೋಪಿ, ಪ್ಲಾಸ್ಟಿಕ್ ಗಿಡ, ಜೊತೆಗೆ ಗಾಳಿ ತುಂಬಿದರೆ ಎದ್ದು ನಿಲ್ಲುವ ಆಳೆತ್ತರದ ಕ್ರಿಸ್‌ಮಸ್ ತಾತ. ಕರೆಂಟು ಹೋದರೆ ಆ ತಾತ ಸೊಂಟ ಬಿದ್ದವನಂತೆ ಗಿರಾಕಿಗಳ ಮೇಲೆ ಒರಗುತ್ತಾನೆ. ಅವರು ಬೆಚ್ಚಿಬಿದ್ದು ಒಳಗೆ ಬರುತ್ತಾರೆ. ಒಳಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಅಭ್ಯಾಸ ನನಗಿಲ್ಲ.

ಅಂಗಡಿಯ ಹಿಂದಿನ ಬೀದಿಯಲ್ಲೇ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಎಂಬತ್ತು ದಾಟಿದ ನನ್ನ ಅಮ್ಮ. ನಾವು ಮುತ್ತಾತನ ಕಾಲದಿಂದ ಕ್ರೈಸ್ತರು. ಅಮ್ಮನಂತೂ ಅದನ್ನು ದಿನಕ್ಕೆ ನಾಲ್ಕು ಸಲ ನೆನಪಿಸುತ್ತಾಳೆ. ನನ್ನ ಡಿಸೆಂಬರ್ ವ್ಯಾಪಾರ ಕಂಡರೆ ಅವಳಿಗೆ ಆಗದು.

“ಹುಟ್ಟಿದ್ದು ಒಬ್ಬ, ನೀನು ಟೋಪಿ ಹಾಕ್ತಿರೋದು ಊರೋರಿಗೆಲ್ಲ,” ಎನ್ನುತ್ತಾಳೆ.

ಅಮ್ಮನ ಕ್ರಿಸ್‌ಮಸ್ ಬೇರೆಯದೇ. ನಮ್ಮ ಮನೆಯಲ್ಲಿ ಮೊಳದುದ್ದದ ಒಂದು ಮರದ ಗೋದಲಿ ಇದೆ. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಯೇಸು ಹುಟ್ಟಿದಾಗ ಅವನಿಗೆ ಸಿಕ್ಕಿದ್ದು ಅಂಥದ್ದೇ ಒಂದು ತೊಟ್ಟಿ, ಅದರ ಪುಟ್ಟ ರೂಪ ಇದು. ಅಪ್ಪನ ಕಾಲದಲ್ಲಿ ಎದುರಂಗಡಿಯ ಬೊಂಬೆ ಮಾಡುವ ಸಾಬರು ಹಾಲೆ ಮರದಲ್ಲಿ ಮಾಡಿ, ಅರಗಿನ ಬಣ್ಣ ಹಾಕಿ ಕೊಟ್ಟದ್ದು. ಹಬ್ಬಕ್ಕೆ ನಾಲ್ಕು ವಾರ ಮುಂಚೆ ಅಮ್ಮ ಅದನ್ನು ಬರಿದಾಗಿ ನಡುಮನೆಯ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಹಿಡಿ ರಾಗಿ ಹುಲ್ಲು ಇಡುತ್ತಾಳೆ. ಮನೆಯವರು ಒಂದು ಒಳ್ಳೆಯ ಕೆಲಸ ಮಾಡಿದರೆ ಒಂದು ಎಳೆ ಹುಲ್ಲನ್ನು ಗೋದಲಿಗೆ ಹಾಕಬೇಕು. ಇಪ್ಪತ್ನಾಲ್ಕರ ಸಂಜೆ, ಚರ್ಚಿನ ಪೂಜೆಗೆ ಹೊರಡುವ ಮೊದಲು, ಬಾಲಯೇಸುವಿನ ಮಣ್ಣಿನ ಮೂರ್ತಿಯನ್ನು ಆ ಹುಲ್ಲಿನ ಮೇಲೆ ಮಲಗಿಸುತ್ತಾಳೆ. ನಾವು ಹಾಸಿದಷ್ಟೇ ಅವನಿಗೆ ಹಾಸಿಗೆ.

ಇದಕ್ಕೆ ಅಮ್ಮ ಮಾಡಿರುವ ಕಾಯಿದೆಗಳನ್ನು ಕೇಳಿದರೆ ವಕೀಲರೂ ಕೈಮುಗಿದಾರು. ಮಾಡಿದ ಒಳ್ಳೆಯ ಕೆಲಸವನ್ನು ಯಾರಿಗೂ ಹೇಳಬಾರದು. ಹೇಳಿದರೆ ಎಳೆ ವಾಪಸ್ಸು. ಲಾಭ ಬರುವ ಕೆಲಸ ಲೆಕ್ಕಕ್ಕಿಲ್ಲ. ಮಾಡಲೇಬೇಕಾದ ಕೆಲಸವೂ ಲೆಕ್ಕಕ್ಕಿಲ್ಲ. ನಮಗೆ ಇಷ್ಟವಾದವರಿಗೆ ಮಾಡಿದರೆ ಅರ್ಧ ಎಳೆ, ಕಂಡರಾಗದವರಿಗೆ ಮಾಡಿದರೆ ಮಾತ್ರ ಪೂರ್ತಿ. ಅವಳು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ವರ್ಷವೂ ಆ ಮಗು ಬರೀ ಹಲಗೆಯ ಮೇಲೆ ಮಲಗಿರಲಿಲ್ಲ. ಅಪ್ಪ ತೀರಿಕೊಂಡದ್ದು ಡಿಸೆಂಬರಿನಲ್ಲೇ. ಮಣ್ಣು ಮಾಡಿ ಬಂದ ಸಂಜೆ, ತಲೆಗೆ ನೀರು ಹಾಕಿಕೊಂಡು ಬಂದ ಅಮ್ಮ ಮೊದಲು ಮಾಡಿದ್ದು ಗೋದಲಿಗೆ ಒಂದು ಎಳೆ ಹಾಕಿದ್ದು. ಅಂಥ ದಿನ ಅವಳು ಯಾರಿಗೆ ಏನು ಒಳ್ಳೆಯದು ಮಾಡಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ವಿಷಯ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ಒಳ್ಳೆಯ ಕೆಲಸ ಮಾಡಲು ನನಗೆ ಪುರುಸೊತ್ತಾದರೂ ಎಲ್ಲಿ? ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಅಮ್ಮನಿಗೆ ಕಾಣುವ ಹಾಗೆ ಒಂದು ಎಳೆ ಎತ್ತಿ ಹಾಕಿ, ಶಿಲುಬೆಯ ಗುರುತು ಮಾಡಿಕೊಂಡು, ಚಪ್ಪಲಿ ಮೆಟ್ಟುತ್ತಿದ್ದೆ. ಯಾವ ಕೆಲಸಕ್ಕೆಂದು ಯಾರೂ ಕೇಳುವಂತಿಲ್ಲವಲ್ಲ, ಕಾಯಿದೆ ನನಗೇ ಅನುಕೂಲವಾಗಿತ್ತು.

ಈಗ ಹೇಳುತ್ತಿರುವುದು ಎರಡು ವರ್ಷದ ಹಿಂದಿನ ಕಥೆ. ಎಕ್ಸ್‌ಪ್ರೆಸ್ ವೇ ಬಂದಮೇಲೆ ಬೆಂಗಳೂರಿನ ಕಾರುಗಳೆಲ್ಲ ಊರ ಹೊರಗಿಂದಲೇ ಮೈಸೂರಿಗೆ ಹಾರಿಹೋಗತೊಡಗಿದ್ದವು. ನಮ್ಮ ರಸ್ತೆಯ ಬೊಂಬೆ ಅಂಗಡಿಗಳು ನೊಣ ಹೊಡೆಯುತ್ತಿದ್ದವು, ನಾನೂ ಹೊಡೆಯುತ್ತಿದ್ದೆ. ಬಿಡದಿಯ ಕಡೆ ಹೋದಾಗ ಒಂದು ದೊಡ್ಡ ಅಂಗಡಿಯ ಮುಂದೆ ಕ್ರಿಸ್‌ಮಸ್ ಕೊಟ್ಟಿಗೆ ಕಂಡೆ. ಬೊಂಬೆಗಳ ಬದಲು ನಿಜವಾದ ಒಂದು ಕರು ಕಟ್ಟಿದ್ದರು. ಜನ ಮುಗಿಬಿದ್ದು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನನ್ನ ತಲೆಯಲ್ಲಿ ಆಗಲೇ ಬಲ್ಬು ಹತ್ತಿತು. ಬಲ್ಬು ಮಾರುವವನ ತಲೆ, ಹತ್ತುವುದಕ್ಕೆ ಎಷ್ಟು ಹೊತ್ತು?

ನನ್ನ ಅಂಗಡಿಗೆ ಟಾರ್ಚಿನ ಸೆಲ್ಲಿಗೆಂದು ವಿರೂಪಾಕ್ಷಿಪುರದ ಕಡೆಯ ಒಬ್ಬಳು ಕುರಿಯಮ್ಮ ಬರುತ್ತಿದ್ದಳು. ಐವತ್ತರ ಆಸುಪಾಸು, ಬಾಯಲ್ಲಿ ಸದಾ ಎಲೆ ಅಡಿಕೆ. ಇಪ್ಪತ್ನಾಲ್ಕನೇ ತಾರೀಕು ಒಂದು ದಿನದ ಮಟ್ಟಿಗೆ ಒಂದು ಕುರಿ ಕೊಡು ಎಂದು ಅವಳನ್ನು ಕೇಳಿದೆ.

“ಕಡಿಯಾಕಾ?” ಎಂದಳು.

“ಕಡಿಯಕ್ಕಲ್ಲಮ್ಮ, ಅಂಗಡಿ ಮುಂದೆ ನಿಲ್ಸಕ್ಕೆ.”

“ನಿಲ್ಸಿ ಏನ್ ಮಾಡೀಯೆ?”

“ಸುಮ್ನೆ ನಿಲ್ಸದು. ನಮ್ಮ ದೇವರು ಹುಟ್ಟಿದಾಗ ಹತ್ರ ಕುರಿ ಇತ್ತು.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಾಂಸಕ್ಕೆ ಹೆಸರಾದ ಬಂಡೂರು ಕುರಿಯನ್ನು ಸುಮ್ಮನೆ ನಿಲ್ಲಿಸುವುದಕ್ಕೆ ಕೇಳಿದವರನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ. ಕೊನೆಗೆ, ಕುರಿಯ ಜೊತೆ ತಾನೂ ಬಂದು ದಿನವಿಡೀ ಪಕ್ಕದಲ್ಲೇ ಕೂರುವುದಾಗಿ ಹೇಳಿ ಒಪ್ಪಿದಳು. ನನ್ನ ಮೇಲೆ ನಂಬಿಕೆಯಿಲ್ಲ ಎನ್ನುವುದನ್ನು ಇದಕ್ಕಿಂತ ಮರ್ಯಾದೆಯಾಗಿ ಹೇಳಲಾಗದು.

ಆ ದಿನ ಬೆಳಿಗ್ಗೆ ಕುರಿ ಬಂತು. ಥರ್ಮೋಕೋಲಿನ ಗುಡ್ಡ, ಹತ್ತಿಯ ಹಿಮ, ಮೇಲೆ ಮಿಣುಕು ದೀಪ, ಪಕ್ಕದಲ್ಲಿ ಗಾಳಿ ತಾತ. ಚನ್ನಪಟ್ಟಣದಲ್ಲಿ ಯಾವ ಜನ್ಮಕ್ಕೂ ಬೀಳದ ಹಿಮ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದಿತ್ತು. ಒಂದೇ ಕೊರತೆ, ಗೋದಲಿ. ನಾನು ಸಗಟಿನಲ್ಲಿ ತಂದಿದ್ದ ಪ್ಲಾಸ್ಟಿಕ್ ಗೋದಲಿಗೆ ಮಗು ಅಂಟಿಕೊಂಡೇ ಬಂದಿತ್ತು. ಇಪ್ಪತ್ನಾಲ್ಕರ ಸಂಜೆಗೆ ಮುಂಚೆ ಮಗು ಕಂಡರೆ ಅಮ್ಮ ಬೀದಿಯಲ್ಲೇ ಮಂಗಳಾರತಿ ಎತ್ತುತ್ತಾಳೆ. ಅಮ್ಮ ಚರ್ಚಿನಲ್ಲಿ ಪೀಠಕ್ಕೆ ಹೂ ಜೋಡಿಸಲು ಹೋಗಿದ್ದಳು, ಮಧ್ಯಾಹ್ನದ ಮೇಲೆ ಬರುವವಳು. ಅಷ್ಟರಲ್ಲಿ ತಂದಿಟ್ಟುಬಿಟ್ಟರಾಯಿತು ಎಂದು ಮನೆಗೆ ಹೋಗಿ, ಮೇಜಿನ ಮೇಲಿದ್ದ ಗೋದಲಿಯನ್ನು ಹುಲ್ಲು ಸಮೇತ ಎತ್ತಿಕೊಂಡು ಬಂದೆ. ಆ ವರ್ಷ ಹುಲ್ಲು ಚೆನ್ನಾಗಿ ತುಂಬಿತ್ತು. ನೋಡಲು ಬಲು ಅಂದವಾಗಿತ್ತು.

ಜನ ಸೇರಿದರು. ಕುರಿಯನ್ನು ನೋಡಲು ಹಳ್ಳಿಯಿಂದ ಬಂದವರೂ ನಿಂತರು. ಮನೆಯಲ್ಲೇ ಹತ್ತು ಕುರಿ ಇದ್ದವರೂ ನನ್ನ ಕುರಿಯ ಜೊತೆ ಫೋಟೋ ತೆಗೆಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಗಿರಾಕಿ ಹಿಂದಿನ ದಿನ ಕೊಂಡ ಸೀರಿಯಲ್ ಸೆಟ್ಟು ಹತ್ತುತ್ತಿಲ್ಲವೆಂದು ಜಗಳಕ್ಕೆ ಬಂದ. ನಾನು ಅವನಿಗೆ ಗ್ಯಾರಂಟಿಯ ಅರ್ಥ ವಿವರಿಸುತ್ತಿದ್ದೆ. ಹೊರಗೆ ಚಪ್ಪಾಳೆ ಕೇಳಿಸಿತು. ವ್ಯಾಪಾರ ಏರುತ್ತಿದೆ ಎಂದುಕೊಂಡು ಖುಷಿಪಟ್ಟೆ. ಹೊರಗೆ ಬಂದು ನೋಡಿದರೆ ಗೋದಲಿ ಖಾಲಿ. ಕುರಿ ಕೊನೆಯ ಎಳೆಯನ್ನು ಬಾಯಿಯ ಪಕ್ಕಕ್ಕೆ ಸರಿಸಿಕೊಳ್ಳುತ್ತಾ, ಹಲಗೆಯನ್ನು ನೆಕ್ಕುತ್ತಿತ್ತು. ಜನ ಇದನ್ನು ಕಾರ್ಯಕ್ರಮದ ಭಾಗವೆಂದೇ ತಿಳಿದು ವಿಡಿಯೋ ಮಾಡುತ್ತಿದ್ದರು.

“ಅಲ್ಲಮ್ಮಾ, ಪಕ್ಕದಲ್ಲೇ ಕೂತಿದ್ದೀಯಲ್ಲ, ಬಿಡಿಸಬಾರದಿತ್ತಾ?” ಎಂದು ಕುರಿಯಮ್ಮನ ಮೇಲೆ ಹರಿಹಾಯ್ದೆ.

ಅವಳು ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದಳು. “ಕುರಿ ಮುಂದೆ ಹುಲ್ಲು ಮಡಗಿದ್ರೆ ತಿನ್ನದೆ ಪೂಜೆ ಮಾಡ್ತದಾ ಸೋಮಿ? ಪಾಪ, ಕೂಲಿ ಕೊಡ್ತಾವ್ರೆ ಅಂತ ತಿಂದದೆ.”

ನಾಲ್ಕು ವಾರದ ಪುಣ್ಯವೆಲ್ಲ ಹತ್ತು ನಿಮಿಷದಲ್ಲಿ ಕುರಿಯ ಹೊಟ್ಟೆ ಸೇರಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎನ್ನುತ್ತಾರೆ. ಇಲ್ಲಿ ಬೇಲಿಯಂತೂ ನಾನೇ.

ನನಗೆ ಮೊದಲು ಹೊಳೆದದ್ದು ಮೋಸವೇ. ಎದುರಂಗಡಿಯಲ್ಲಿ ಈಗ ಬೊಂಬೆ ವ್ಯಾಪಾರ ನಡೆಸುವವನು ಆ ಹಳೆಯ ಸಾಬರ ಮಗ, ನನ್ನ ವಾರಿಗೆಯವನು. ಅವನ ಹತ್ತಿರ ಬೊಂಬೆ ಪ್ಯಾಕು ಮಾಡುವ ಹುಲ್ಲು ರಾಶಿ ಇತ್ತು. ಎರಡು ಹಿಡಿ ಇಸಿದುಕೊಂಡು ಗೋದಲಿಗೆ ತುಂಬಿದೆ. ಮೊದಲಿಗಿಂತ ದಪ್ಪಗೆ, ಮೆತ್ತಗೆ ಆಯಿತು. ಮಗುವಿಗೆ ಇದೇ ಹಿತವಾದೀತು ಎಂದು ಸಮಾಧಾನವನ್ನೂ ಮಾಡಿಕೊಂಡೆ. ಮನೆಗೆ ಹೋಗಿ ಮೇಜಿನ ಮೇಲಿಡುವುದಕ್ಕೂ ಅಮ್ಮ ಚರ್ಚಿನಿಂದ ಬಂದು ಬಾಗಿಲು ದಾಟುವುದಕ್ಕೂ ಸರಿಹೋಯಿತು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಗೋದಲಿಯನ್ನೇ ನೋಡಿದಳು. ಒಂದು ಎಳೆ ಎತ್ತಿ ಉಗುರಿನಲ್ಲಿ ಸೀಳಿದಳು.

“ಇದು ಭತ್ತದ ಹುಲ್ಲು ಕಣ್ಲಾ,” ಎಂದಳು. “ನಾವು ಹಾಕಿದ್ದು ರಾಗಿ ಹುಲ್ಲು.”

ರಾಗಿ ಮುದ್ದೆ ತಿಂದೇ ಅರವತ್ತಕ್ಕೆ ಬಂದ ನನಗೆ ಎರಡು ಹುಲ್ಲಿನ ವ್ಯತ್ಯಾಸ ಗೊತ್ತಾಗಿರಲಿಲ್ಲ. ಒಪ್ಪಿಕೊಳ್ಳದೆ ದಾರಿಯಿರಲಿಲ್ಲ. ಎಲ್ಲ ಹೇಳಿದೆ. ಅಮ್ಮ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸಿದಳು, ಬಿಚ್ಚಿದಳು.

“ಆ ಎಳೆಗಳಲ್ಲಿ ಒಂದು ನಂಗೆ ಬಲು ಕಷ್ಟದ್ದಾಗಿತ್ತು ಕಣೋ,” ಎಂದಳು. “ಇನ್ನೊಂದು ಸಲ ಮಾಡು ಅಂದ್ರೆ ನನ್ ಕೈಲಾಗಕಿಲ್ಲ.”

ಏನದು ಎಂದು ಕೇಳುವಂತಿರಲಿಲ್ಲ. ಅವಳ ಕಣ್ಣು ತುಂಬಿತ್ತು.

“ಅಮ್ಮ, ಇಲ್ಲೇ ಪಕ್ಕದಾಗೆ ರಾಗಿ ಹುಲ್ಲು ಇನ್ನೂ ಐತಲ್ಲ. ಅದನ್ನೇ ಒಸಿ ಹಾಕಿಬಿಡನ,” ಎಂದೆ.

“ಹಾಕು, ಯಾರು ಬ್ಯಾಡ ಅಂದೋರು? ಹೊತ್ತು ಮುಳುಗೋವರ್ಗೂ ಟೈಮ್ ಐತೆ. ಮಾಡಿ ಬಂದು ಹಾಕು. ಮಾಡದೆ ಹಾಕ್ಬ್ಯಾಡ.”

ಕರ್ಜಿಕಾಯಿ ಕರಿಯುವುದನ್ನು ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ನನ್ನ ಹೆಂಡತಿ ಮಧ್ಯೆ ಬಾಯಿ ಹಾಕಿದಳು. “ಅತ್ತೆ, ಇಷ್ಟೆಲ್ಲ ಮಾಡಿದ್ರೂ ನಾನು ಇವತ್ತು ಇವರನ್ನ ಒಂದು ಮಾತೂ ಬೈದಿಲ್ಲ. ಅದಕ್ಕೊಂದು ಎಳೆ ಕೊಡಿ.”

“ತಡಿಯವ್ವ,” ಎಂದಳು ಅಮ್ಮ, “ಇನ್ನೂ ಹೊತ್ತು ಮುಳುಗಿಲ್ಲ.”

ಸಂಜೆಯೊಳಗೆ ಕೆಲವಾದರೂ ಎಳೆ ಸಂಪಾದಿಸಬೇಕು, ಇಲ್ಲವಾದರೆ ಮಗು ಹಲಗೆಯ ಮೇಲೆ. ನಾನು ಅಂಗಡಿಗೆ ಓಡಿದೆ. ಒಳ್ಳೆಯ ಕೆಲಸ ಮಾಡುವುದು ಇಷ್ಟು ಕಷ್ಟವೆಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಜಗಳಕ್ಕೆ ಬಂದಿದ್ದ ಗಿರಾಕಿ ಇನ್ನೂ ಅಲ್ಲೇ ನಿಂತಿದ್ದ. ಅವನನ್ನು ಕಂಡರೆ ನನಗಾಗದು, ಅಂದರೆ ಪೂರ್ತಿ ಎಳೆ. ಮರುಮಾತಿಲ್ಲದೆ ಹೊಸ ಸೆಟ್ಟು ಕೈಗಿಟ್ಟೆ. ಅವನ ಮುಖ ಇನ್ನೂ ಗಂಟಿಕ್ಕಿತು.

“ಇಷ್ಟ್ ಸಲೀಸಾಗಿ ಕೊಡ್ತಿದ್ದೀರ ಅಂದ್ರೆ ಇದ್ರಲ್ಲೂ ಏನೋ ಐತೆ. ಬ್ಯಾಡ, ದುಡ್ಡು ವಾಪಸ್ ಕೊಡಿ,” ಎಂದ.

ದುಡ್ಡೂ ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು, ಕೆಟ್ಟ ಮಾಲಿಗೆ ದುಡ್ಡು ಹಿಂದಿರುಗಿಸುವುದು ಮಾಡಲೇಬೇಕಾದ ಕೆಲಸ. ಅಮ್ಮನ ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ.

ಎದುರಂಗಡಿಯವನ ಹತ್ತಿರ ಹೋದೆ. ನನ್ನ ಗಾಳಿ ತಾತ ರಸ್ತೆಯ ಕಡೆಯಿಂದ ಅವನ ಬೋರ್ಡನ್ನು ಮರೆಮಾಡುತ್ತಾನೆಂದು ತಿಂಗಳಿಂದ ನಮ್ಮಿಬ್ಬರಿಗೂ ಮುನಿಸು. ಪ್ಯಾಕಿಂಗ್ ಹುಲ್ಲು ಕೊಟ್ಟದ್ದೂ ಮುಖ ಆ ಕಡೆ ತಿರುಗಿಸಿಕೊಂಡೇ.

“ಭಾಯ್, ನನ್ನದೇ ತಪ್ಪು. ತಾತನ್ನ ಈಗಲೇ ತೆಗಿಸ್ತೀನಿ,” ಎಂದೆ.

ಅವನು ಗಾಬರಿಯಾಗಿ ಎದ್ದು ಬಂದ. “ಅರೇ, ಇವತ್ತು ತೆಗೀಬೇಡ್ರಪ್ಪ! ನಿಮ್ ಕುರಿ ನೋಡಕ್ಕೆ ಬಂದವರೆಲ್ಲ ನನ್ ಹತ್ರಾನೂ ಬತ್ತಾವ್ರೆ. ಒಂದು ವಾರದಿಂದ ಹೋಗದೆ ಇದ್ದ ಬೊಂಬೆ ಇವತ್ತು ಹೋಗೈತೆ. ನಾಳೆ ಮತ್ತೆ ಜಗಳ ಆಡಣ, ಇವತ್ತು ಬಿಡ್ರಿ.” ಅಷ್ಟು ಹೇಳಿ, ಏನೋ ಅನುಮಾನ ಬಂದು ನನ್ನ ಭುಜ ಹಿಡಿದ. “ಮೈ ಹುಷಾರಿಲ್ವಾ ಭಾಯ್? ಡಾಕ್ಟರ್ ಏನಾದ್ರೂ ಅಂದ್ರಾ?”

ಒಳ್ಳೆಯ ಮಾತಾಡಿದರೆ ಸಾವು ಹತ್ತಿರ ಬಂದಿದೆ ಎಂದುಕೊಳ್ಳುವ ಮಟ್ಟಕ್ಕೆ ನಾನು ಬದುಕಿದ್ದೆನೆಂದು ಅವತ್ತೇ ತಿಳಿದದ್ದು.

ಉಳಿದವಳು ಕುರಿಯಮ್ಮ. ಬೆಳಿಗ್ಗೆಯಿಂದ ಬಿಸಿಲಲ್ಲೇ ಕೂತಿದ್ದಾಳೆ, ಊಟವನ್ನಾದರೂ ಕೊಡಿಸೋಣವೆಂದು ಹೋಟೆಲಿನಿಂದ ಎರಡು ತಟ್ಟೆ ಇಡ್ಲಿ, ವಡೆ ಕಟ್ಟಿಸಿ ತಂದೆ. ಅವಳು ಪೊಟ್ಟಣ ಮುಟ್ಟಲಿಲ್ಲ.

“ಇವತ್ತು ನಮ್ ಮನೆದ್ಯಾವ್ರ ವಾರ ಸೋಮಿ. ಒಪ್ಪೊತ್ತು ನಂದು. ಹೊತ್ತು ಮುಳುಗಿದ್ ಮ್ಯಾಕೇ ಉಣ್ಣದು.” ಆಮೇಲೆ ನನ್ನ ಮುಖ ನೋಡಿ, “ಅದ್ಯಾಕೆ ಹಿಂಗ್ ಬೆವ್ರಾಕ್ಕಂಡೀಯೆ? ಹುಲ್ಲಿಗಾ?” ಎಂದಳು.

ಅವಳಿಗೆ ಎಲ್ಲ ಹೇಳಿದೆ. ಒಂದು ಎಳೆ, ಒಂದು ಒಳ್ಳೆಯ ಕೆಲಸ, ಮಗು ಮಲಗುವ ಜಾಗ, ಅಮ್ಮ ಅತ್ತದ್ದು. ಅವಳು ಎಲೆ ಅಡಿಕೆ ಉಗುಳಿ ಬಂದು ಕುರಿಯ ಬೆನ್ನ ಮೇಲೆ ಕೈ ಇಟ್ಟಳು.

“ಅಯ್ಯೋ, ಹಂಗಾ? ಬರೀ ಮೇವು ಅಂದ್ಕಂಡಿದ್ನಲ್ಲ ನಾನು. ನಿಮ್ಮವ್ವಂಗೆ ತಪ್ಪಾಯ್ತು ಅನ್ನು,” ಎಂದಳು. “ಅಲ್ಲ ಕಣಣ್ಣ, ಅಂಥ ಹುಲ್ಲ ಬೀದೀಗ್ಯಾಕೆ ತಂದೆ ನೀನು?”

ವ್ಯಾಪಾರಕ್ಕೆ ಎಂದು ಅವಳ ಮುಖ ನೋಡಿಕೊಂಡು ಹೇಳಲು ಬಾಯಿ ಬರಲಿಲ್ಲ. ಅಂಗಡಿಯಲ್ಲಿ ಜನ ತುಂಬಿದ್ದರು. ನಕ್ಷತ್ರ ಕೊಡಿ, ಟೋಪಿ ಕೊಡಿ ಎಂದು ಕೂಗುತ್ತಿದ್ದರು. ವರ್ಷದಲ್ಲೇ ಹೆಚ್ಚು ವ್ಯಾಪಾರವಾಗುವ ಗಂಟೆ ಅದು. ಅಂಗಡಿಯಲ್ಲಿ ಕೆಲಸಕ್ಕಿದ್ದವನಿಗೆ ಬೀಗದ ಕೈ ಕೊಟ್ಟು ಮನೆಗೆ ನಡೆದೆ. ಇದನ್ನೂ ತ್ಯಾಗವೆಂದು ಲೆಕ್ಕ ಹಾಕಬಹುದಾ ಎಂದು ಅರ್ಧ ದಾರಿಯವರೆಗೆ ಯೋಚಿಸಿದೆ. ಆಮೇಲೆ ನನಗೇ ಹೇಸಿಗೆಯಾಗಿ ಬಿಟ್ಟೆ.

ಮನೆಯಲ್ಲಿ ಅಮ್ಮ ಮೇಣದ ಬತ್ತಿ ಹಚ್ಚಿದ್ದಳು. ಮರಿಯಮ್ಮ, ಜೋಸೆಫ್, ಇಬ್ಬರು ಕುರುಬರು ತಮ್ಮ ತಮ್ಮ ಜಾಗದಲ್ಲಿದ್ದರು. ಭತ್ತದ ಹುಲ್ಲನ್ನು ತೆಗೆದು ಗೋದಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದಳು. ಬರೀ ಹಲಗೆ ದೀಪಕ್ಕೆ ಹೊಳೆಯುತ್ತಿತ್ತು. ಪಕ್ಕದಲ್ಲಿ ರಾಗಿ ಹುಲ್ಲಿನ ಹಿಡಿ ಹಾಗೇ ಇತ್ತು.

“ಎಷ್ಟು ಹಾಕ್ತೀಯೋ?” ಎಂದಳು.

“ಒಂದೂ ಇಲ್ಲಮ್ಮ.” ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾಕೋ ನಿಲ್ಲಿಸಲಾಗಲಿಲ್ಲ. “ಇಷ್ಟು ವರ್ಷ ಹಾಕಿದ್ದರಲ್ಲೂ ನನ್ನವು ಒಂದೂ ನಿಜವಾದವಲ್ಲ. ಸುಮ್ಮನೆ ಹಾಕ್ತಿದ್ದೆ. ನೀನು ನೋಡಲಿ ಅಂತ.”

ಅಮ್ಮ ಮಣ್ಣಿನ ಮೂರ್ತಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

“ನಂಗೊತ್ತಿಲ್ವಾ? ನೀನು ಏಳು ವರ್ಷದೋನಿದ್ದಾಗ್ಲಿಂದ ಗೊತ್ತು,” ಎಂದಳು. “ನಿನ್ನ ಪಾಲಿಂದೂ ನಾನೇ ಮಾಡ್ತಿದ್ದೆ. ನಂದೊಂದು, ನಿಂದೊಂದು.”

ಐವತ್ತು ವರ್ಷಕ್ಕೂ ಮೇಲಾಯಿತು. ಅಷ್ಟೂ ಡಿಸೆಂಬರುಗಳಲ್ಲಿ ನಾನು ಎಸೆದು ಹೋದ ಒಂದೊಂದು ಸುಳ್ಳು ಎಳೆಗೂ ಅಮ್ಮ ಎಲ್ಲೋ ಯಾರಿಗೋ ಒಂದು ಕೆಲಸ ಮಾಡಿ ಬಂದಿದ್ದಳು. ನನಗೆ ಅಳು ಬಂತು. ಬಲ್ಬು ಮಾರುವ ಗಂಡಸು, ತಲೆ ನರೆತವನು, ನಡುಮನೆಯಲ್ಲಿ ನಿಂತು ಮೂಗು ಒರೆಸಿಕೊಂಡೆ. ಹೆಂಡತಿ ಅಡುಗೆಮನೆಯಲ್ಲಿ ಜಾಲರಿ ಸೌಟು ಕೆಳಗಿಟ್ಟ ಸದ್ದಾಯಿತು.

ಪ್ರತಿ ವರ್ಷ ಮಗುವನ್ನು ಅಮ್ಮನೇ ಮಲಗಿಸುವುದು. ಅವತ್ತು ಮೂರ್ತಿಯನ್ನು ನನ್ನ ಕೈಗೆ ಕೊಟ್ಟಳು. “ಈ ವರ್ಷ ನೀನೇ ಮಲಗಿಸು.”

ಬಗ್ಗಿ ಮಲಗಿಸಿದೆ. ಮಣ್ಣು ಹಲಗೆಗೆ ತಾಗಿ ಟಕ್ಕೆಂದಿತು. ಸಣ್ಣ ಸದ್ದು, ಆದರೆ ನನ್ನಿಂದ ತಡೆಯಲಾಗಲಿಲ್ಲ. ತಕ್ಷಣ ಎತ್ತಿಬಿಟ್ಟೆ. ಎಡಗೈಯನ್ನು ಅಂಗಾತ ಮಾಡಿ ಗೋದಲಿಯೊಳಗೆ ಇಟ್ಟು, ಮಗುವನ್ನು ಅಂಗೈಯ ಮೇಲೆ ಮಲಗಿಸಿದೆ. ಕೈ ತೆಗೆಯಲು ಮನಸ್ಸು ಬರಲಿಲ್ಲ. ಅಮ್ಮ ಜಪಸರ ಶುರುಮಾಡಿದಳು. ನಾನು ಮೇಜಿನ ಪಕ್ಕ ಮೊಣಕಾಲೂರಿ ಹಾಗೇ ಕುಳಿತೆ. ಜೇಬಿನಲ್ಲಿ ಫೋನು ಬಡಿದುಕೊಂಡಿತು, ಅಂಗಡಿಯಿಂದ. ನಿಂತಿತು, ಮತ್ತೆ ಬಡಿದುಕೊಂಡಿತು. ಕೈಗೆ ಜೋಮು ಹಿಡಿಯಿತು. ಗೋದಲಿಯ ಮೂಲೆಯಲ್ಲಿ ಒಂದು ಇರುವೆ ಇತ್ತು, ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು.

“ರೀ, ಕೈ ತೆಗೀರಿ, ಊದಿಕೊಳ್ಳುತ್ತೆ,” ಎಂದು ಹೆಂಡತಿ ಪಿಸುಗುಟ್ಟಿದಳು.

“ಒಸಿ ಹೊತ್ತು ಇರ್ಲಿ,” ಎಂದೆ.

ಜಪಸರ ಅರ್ಧಕ್ಕೆ ಬಂದಿರಬೇಕು. ಅಮ್ಮ ಜಪ ನಿಲ್ಲಿಸದೆ, ಮಣಿ ಎಣಿಸುತ್ತಿದ್ದ ಕೈಯನ್ನು ಬದಲಾಯಿಸಿಕೊಂಡು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. ಸುಕ್ಕುಗಟ್ಟಿದ ತನ್ನ ಬಲಗೈಯನ್ನು ಮೆಲ್ಲಗೆ ನನ್ನ ಕೈಯಡಿಗೆ, ಹಲಗೆಗೂ ನನ್ನ ಬೆರಳುಗಳಿಗೂ ನಡುವೆ ತೂರಿಸಿದಳು.

“ಹಲಗೆ ಗಟ್ಟಿ ಐತೆ ಕಣಪ್ಪ,” ಎಂದಳು.